ಪ್ರಶ್ನೋತ್ತರ: ಕಾರಿನ ಬಣ್ಣಕ್ಕೆ ಮೊದಲ ಸಲ ಮಷೀನ್ ಹಿಡಿಯುವಾಗ

ಕಾರಿಗೆ ಮನೆಯಲ್ಲೇ ಮಷೀನ್ ಪಾಲಿಶ್ ಮಾಡುವ ಬಗ್ಗೆ ತುಂಬಾ ಪ್ರಶ್ನೆಗಳು ಬಂದಿವೆ. ಹಾಗಾಗಿ ಈ ಸಲದ ಅಂಕಣ ಪೂರ್ತಿ ಅದಕ್ಕೇ. ಒಂದೇ ಥರದ ಪ್ರಶ್ನೆಗಳನ್ನು ಒಟ್ಟು ಸೇರಿಸಿದ್ದೇನೆ, ಯಾರ ಹೆಸರನ್ನೂ ಹಾಕಿಲ್ಲ.

ಪ್ರಶ್ನೆ: ನನ್ನದು ಕಪ್ಪು ಕಾರು, ಆರು ವರ್ಷ ಹಳೆಯದು. ನೆರಳಲ್ಲಿ ಚೆನ್ನಾಗೇ ಕಾಣುತ್ತದೆ. ಬಿಸಿಲಿಗೆ ತಂದರೆ ಬಾನೆಟ್ ಮೇಲೆ ಜೇಡರ ಬಲೆ ಕಟ್ಟಿದ ಹಾಗೆ ಗೀರುಗಳು. ಡಿಎ ಪಾಲಿಶರ್ ಕೊಂಡು ಎರಡು ತಿಂಗಳಾಯಿತು, ಡಬ್ಬಿಯಿಂದ ತೆಗೆಯಲು ಧೈರ್ಯ ಬರುತ್ತಿಲ್ಲ. ಬಣ್ಣ ಸುಟ್ಟುಹೋಗುತ್ತದೆ ಅಂತ ಎಲ್ಲರೂ ಹೆದರಿಸುತ್ತಾರೆ. ನಿಜವಾ?

ಉತ್ತರ: ರೋಟರಿ ಮಷೀನಿನಲ್ಲಿ ಖಂಡಿತ ನಿಜ. ಡಿಎಯಲ್ಲಿ ಹಾಗಾಗುವುದು ಅಪರೂಪ. ಇವು ಪಾಲಿಶ್ ಮಷೀನಿನ ಎರಡು ಬಗೆ, ವ್ಯತ್ಯಾಸ ಮುಂದೆ ಬರುತ್ತದೆ. ಆದರೂ ಹೆದರಿಕೆಯನ್ನು ಪೂರ್ತಿ ಬಿಡಬೇಡಿ, ಸ್ವಲ್ಪ ಉಳಿಸಿಕೊಳ್ಳಿ. ಯಾಕೆ ಅಂತ ಹೇಳುತ್ತೇನೆ.

ಪಾಲಿಶ್ ಅಂದರೆ ಬಣ್ಣದ ಮೇಲೆ ಏನನ್ನೋ ಹಚ್ಚಿ ಹೊಳಪು ತರುವುದು ಅಂತ ತುಂಬಾ ಜನ ತಿಳಿದಿದ್ದಾರೆ. ಹಚ್ಚುವುದು ವ್ಯಾಕ್ಸ್. ಪಾಲಿಶ್ ಅದರ ಉಲ್ಟಾ. ಅದು ಸವೆಸಿ ತೆಗೆಯುವ ಕೆಲಸ. ಈಗಿನ ಕಾರುಗಳಲ್ಲಿ ತಗಡಿನ ಮೇಲೆ ತುಕ್ಕು ತಡೆಯುವ ಪದರ, ಅದರ ಮೇಲೆ ಪ್ರೈಮರ್, ಆಮೇಲೆ ಬಣ್ಣ, ಎಲ್ಲಕ್ಕಿಂತ ಮೇಲೆ ಬಣ್ಣವಿಲ್ಲದ ಪಾರದರ್ಶಕ ಪದರ ಇರುತ್ತದೆ. ಆ ಮೇಲಿನದೇ ಕ್ಲಿಯರ್ ಕೋಟ್. ಇವೆಲ್ಲ ಸೇರಿದರೂ ದಪ್ಪ ಸಾಮಾನ್ಯವಾಗಿ 100ರಿಂದ 150 ಮೈಕ್ರಾನ್, ಅಂದರೆ ಹೆಚ್ಚು ಕಡಿಮೆ ಒಂದು ಹಾಳೆ ಕಾಗದದಷ್ಟು. ಅದರಲ್ಲಿ ಕ್ಲಿಯರ್ ಕೋಟ್ ಪಾಲು ಸುಮಾರು 35ರಿಂದ 50 ಮೈಕ್ರಾನ್. ತಲೆಕೂದಲಿನ ದಪ್ಪ ಸುಮಾರು 70 ಮೈಕ್ರಾನ್ ಅಂತ ನೆನಪಿಟ್ಟುಕೊಂಡರೆ ನಿಮ್ಮ ಕೈಯಲ್ಲಿ ಎಷ್ಟಿದೆ ಅನ್ನುವುದು ಗೊತ್ತಾಗುತ್ತದೆ. ನಿಮ್ಮ ಜೇಡರ ಬಲೆ ಇರುವುದು ಈ ಪದರದ ತೀರಾ ಮೇಲ್ಮೈಯಲ್ಲಿ. ಗೀರಿನ ತಳದವರೆಗೆ ಸುತ್ತಲಿನ ಮಟ್ಟವನ್ನೇ ಇಳಿಸಿದರೆ ಗೀರು ಇಲ್ಲವಾಗುತ್ತದೆ. ಗೀರು ತುಂಬಿಕೊಳ್ಳುವುದಿಲ್ಲ, ಅದರ ಅಕ್ಕಪಕ್ಕದ ನೆಲ ಕೆಳಗೆ ಬರುತ್ತದೆ, ಅಷ್ಟೇ. ಒಂದು ಸಲ ಹಗುರವಾಗಿ ಪಾಲಿಶ್ ಮಾಡಿದರೆ ಹೋಗುವುದು ಕೆಲವೇ ಮೈಕ್ರಾನ್, ಎಷ್ಟೋ ಸಲ ಅದಕ್ಕಿಂತಲೂ ಕಡಿಮೆ. ಆದರೆ ಹೋದದ್ದು ಮತ್ತೆ ಬರುವುದಿಲ್ಲ. ಬಿಸಿಲಿನ ನೇರಳಾತೀತ ಕಿರಣದಿಂದ ಕೆಳಗಿನ ಬಣ್ಣವನ್ನು ಕಾಯುವುದೂ ಇದೇ ಪದರ. ಅತಿಯಾಗಿ ತೆಳುವಾದರೆ ಕೆಲವು ವರ್ಷಗಳ ನಂತರ ಬೆಳ್ಳಗೆ ಮಂಕಾಗಿ, ಸಿಪ್ಪೆ ಎದ್ದು ಬರುತ್ತದೆ. ಆಗ ಯಾವ ಪಾಲಿಶ್‌ನಿಂದಲೂ ಉಪಯೋಗವಿಲ್ಲ, ಆ ಭಾಗಕ್ಕೆ ಹೊಸದಾಗಿ ಬಣ್ಣ ಹೊಡೆಸಲೇಬೇಕು.

ಈಗ ಮಷೀನಿನ ಮಾತು. ರೋಟರಿಯಲ್ಲಿ ಪ್ಯಾಡ್, ಅಂದರೆ ಬಣ್ಣಕ್ಕೆ ತಾಗುವ ಸ್ಪಂಜಿನಂಥ ಬಿಲ್ಲೆ, ಒಂದೇ ಅಚ್ಚಿನ ಮೇಲೆ ಗಿರಗಿರ ತಿರುಗುತ್ತದೆ. ಎಷ್ಟೇ ಒತ್ತಿದರೂ ನಿಲ್ಲುವುದಿಲ್ಲ, ಒಂದೇ ಕಡೆ ಶಾಖ ಕೂಡುತ್ತದೆ. ಡಿಎ ಅಂದರೆ ಡ್ಯುಯಲ್ ಆ್ಯಕ್ಷನ್. ಪ್ಯಾಡ್ ತಾನೂ ತಿರುಗುತ್ತದೆ, ಜೊತೆಗೆ ಅಚ್ಚು ನಡುವಿನಿಂದ ಸ್ವಲ್ಪ ಆಚೆ ಇರುವುದರಿಂದ ಒಂದು ಸಣ್ಣ ವೃತ್ತದಲ್ಲಿ ಅಲುಗಾಡುತ್ತಲೂ ಇರುತ್ತದೆ. ಆ ವೃತ್ತದ ಅಗಲ ಮಷೀನಿಗೆ ತಕ್ಕಂತೆ 8, 12, 15, 21 ಮಿಲಿಮೀಟರ್ ಹೀಗೆ ಇರುತ್ತದೆ. ಸಾಮಾನ್ಯ ಡಿಎಯಲ್ಲಿ ಪ್ಯಾಡಿನ ತಿರುಗಾಟ ಸಡಿಲ. ಜಾಸ್ತಿ ಒತ್ತಿದರೆ ಅಥವಾ ಓರೆ ಹಿಡಿದರೆ ತಿರುಗುವುದನ್ನು ನಿಲ್ಲಿಸಿ ಸುಮ್ನೆ ನಡುಗುತ್ತದೆ. ಹೊಸಬರನ್ನು ಕಾಪಾಡುವುದೇ ಈ ಗುಣ. ಗೇರ್ ಕೊಟ್ಟು ಬಲವಂತವಾಗಿ ತಿರುಗಿಸುವ ಡಿಎಗಳೂ ಇವೆ, ಅವು ಒತ್ತಿದರೂ ನಿಲ್ಲುವುದಿಲ್ಲ. ನಿಮ್ಮದು ಯಾವುದು ಅಂತ ಮೊದಲು ನೋಡಿಕೊಳ್ಳಿ.

ಇನ್ನೊಂದು ವಿಷಯ, ನನಗೆ ಇಷ್ಟವಾದದ್ದು. ಬಿಸಿಲಲ್ಲಿ ಕಾಣುವ ಆ ಗೀರುಗಳು ನಿಜಕ್ಕೂ ವೃತ್ತಾಕಾರದಲ್ಲಿ ಇರುವುದಿಲ್ಲ. ಎಲ್ಲ ದಿಕ್ಕಿನಲ್ಲೂ ಎಳೆದ ಸಣ್ಣ ನೇರ ಗೀರುಗಳೇ ಜಾಸ್ತಿ. ಸೂರ್ಯನ ಪ್ರತಿಬಿಂಬದ ಸುತ್ತ ಅಡ್ಡವಾಗಿ ಬಿದ್ದಿರುವ ಗೀರುಗಳು ಮಾತ್ರ ಬೆಳಕನ್ನು ನಮ್ಮ ಕಣ್ಣಿಗೆ ಎಸೆಯುತ್ತವೆ, ಅದಕ್ಕೇ ಸುಳಿಯಂತೆ ತೋರುತ್ತದೆ. ತಲೆಯನ್ನು ಅತ್ತಿತ್ತ ಸರಿಸಿ ನೋಡಿ, ಸುಳಿಯೂ ನಿಮ್ಮ ಜೊತೆ ಸರಿಯುತ್ತದೆ.

ಡಬ್ಬಿ ತೆರೆಯಿರಿ. ಮುಂದಿನ ಉತ್ತರಗಳನ್ನು ಓದಿಕೊಂಡು ಶುರು ಮಾಡಿ.

ಪ್ರಶ್ನೆ: ಪಾಲಿಶ್‌ಗೆ ಮೊದಲು ಕಾರು ತೊಳೆದರೆ ಸಾಲದೇ? ಕ್ಲೇ ಬಾರ್ ಅಂತ ಒಂದು ಮಾರುತ್ತಾರೆ, ಅದು ಬೇಕೇ ಬೇಕಾ?

ಉತ್ತರ: ಕ್ಲೇ ಬಾರ್ ಅಂದರೆ ಬಣ್ಣಕ್ಕೆ ಕಚ್ಚಿಕೊಂಡ ಕೊಳೆಯನ್ನು ಎತ್ತುವ, ಜೇಡಿಮಣ್ಣಿನಂಥ ಮೆತ್ತನೆಯ ಮುದ್ದೆ. ಬೇಕಾ ಬೇಡವಾ ಅಂತ ನಿಮ್ಮ ಕೈಯೇ ಹೇಳುತ್ತದೆ. ಕಾರು ತೊಳೆದ ಮೇಲೆ ಕೈಗೆ ತೆಳ್ಳನೆ ಪ್ಲಾಸ್ಟಿಕ್ ಚೀಲ ಹಾಕಿಕೊಂಡು ಬಾನೆಟ್ ಮೇಲೆ ಮೆತ್ತಗೆ ಸವರಿ. ಬರಿಗೈಗೆ ನುಣುಪು ಅನಿಸಿದ ಜಾಗವೂ ಚೀಲದೊಳಗಿಂದ ಮರಳು ಕಾಗದದಂತೆ ತರಿತರಿ ಅನಿಸಬಹುದು. ಹಾಗೆ ಅನಿಸಿದರೆ ಬಣ್ಣಕ್ಕೆ ಕಚ್ಚಿಕೊಂಡ ಕೊಳೆ ಇದೆ ಅಂತ ಅರ್ಥ. ಬ್ರೇಕಿನಿಂದ ಹಾರಿದ ಕಬ್ಬಿಣದ ಪುಡಿ, ಡಾಂಬರು, ಮರದ ಅಂಟು, ಇವು ಶಾಂಪೂವಿಗೆ ಬಗ್ಗುವುದಿಲ್ಲ. ಅದರ ಮೇಲೇ ಮಷೀನ್ ಓಡಿಸಿದರೆ ಆ ತರಿಯೆಲ್ಲ ಪ್ಯಾಡಿಗೆ ಸಿಕ್ಕಿ ಹೊಸ ಗೀರು ಎಳೆಯುತ್ತದೆ.

ಕ್ರಮ ಹೀಗೆ. ಚೆನ್ನಾಗಿ ತೊಳೆಯಿರಿ. ಡಾಂಬರಿನ ಚುಕ್ಕೆಗೆ ಅದನ್ನು ಕರಗಿಸುವ ದ್ರವ. ಕಬ್ಬಿಣದ ಪುಡಿಗೆ ಐರನ್ ರಿಮೂವರ್ ಸಿಂಪಡಿಸಿ, ಪುಡಿ ಇದ್ದ ಕಡೆಯೆಲ್ಲ ನೇರಳೆ ಬಣ್ಣ ಇಳಿಯುತ್ತದೆ. ಅದು ಒಣಗುವ ಮುಂಚೆ ತೊಳೆದುಬಿಡಿ. ಆಮೇಲೂ ತರಿ ಉಳಿದಿದ್ದರೆ ಕ್ಲೇ. ಜಾರುವ ದ್ರವ ಧಾರಾಳವಾಗಿ ಸಿಂಪಡಿಸಿ, ಒತ್ತದೆ ಜಾರಿಸಿ, ಆಗಾಗ ಮಡಿಸಿ ಹೊಸ ಮುಖ ತೆಗೆಯಿರಿ. ಕ್ಲೇ ನೆಲಕ್ಕೆ ಬಿತ್ತೋ, ಎಸೆಯಿರಿ, ತೊಳೆದು ಬಳಸುವ ಆಸೆ ಬೇಡ. ಕ್ಲೇ ತಾನೂ ಸಣ್ಣ ಗೀರು ಬಿಡಬಹುದು. ಹೇಗೂ ಪಾಲಿಶ್ ಮಾಡುವವರಿದ್ದೀರಲ್ಲ, ತೊಂದರೆಯಿಲ್ಲ.

ಕೊನೆಗೆ ಟೇಪ್. ಬಣ್ಣವಿಲ್ಲದ ಕಪ್ಪು ಪ್ಲಾಸ್ಟಿಕ್, ಕಿಟಕಿಯ ರಬ್ಬರ್ ಎಲ್ಲಕ್ಕೂ ಮಾಸ್ಕಿಂಗ್ ಟೇಪ್ ಅಂಟಿಸಿ. ಪಾಲಿಶ್ ಅದಕ್ಕೆ ತಾಗಿ ಒಣಗಿದರೆ ಬಿಳಿ ಕಲೆ ಕೂತುಬಿಡುತ್ತದೆ, ತೆಗೆಯುವುದು ತುಂಬಾ ಕಿರಿಕಿರಿಯ ಕೆಲಸ.

ಪ್ರಶ್ನೆ: ಯಾವ ಪ್ಯಾಡ್, ಯಾವ ಪಾಲಿಶ್, ಎಷ್ಟು ಸ್ಪೀಡ್, ಎಷ್ಟು ಒತ್ತಬೇಕು? ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ನನ್ನ ಕಾರಿಗೆ ಸರಿಹೊಂದುವ ಜೋಡಿ ಯಾವುದು ಅಂತ ನೇರವಾಗಿ ಹೇಳಿಬಿಡಿ.

ಉತ್ತರ: ನೇರವಾಗಿ ಹೇಳಬೇಕು ಅಂದರೆ, ನಾನು ಇಲ್ಲಿ ಕೂತು ಹೇಳಲು ಆಗುವುದಿಲ್ಲ, ಮತ್ತೆ ನಿಮ್ಮ ಕಾರು ನೋಡದೆ ಹೇಳುವವರನ್ನು ನೀವು ನಂಬಲೂಬಾರದು. ಒಂದು ಕಾರಿನ ಕ್ಲಿಯರ್ ಕೋಟ್ ಗಡಸು, ಇನ್ನೊಂದರದು ಮೆತ್ತಗೆ. ಒಂದರಲ್ಲಿ ಎರಡು ಸಲ ಓಡಿಸಿದರೆ ಮಾಯವಾಗುವ ಗೀರು ಇನ್ನೊಂದರಲ್ಲಿ ಜಗ್ಗುವುದೇ ಇಲ್ಲ. ಅದಕ್ಕೆ ಇರುವ ದಾರಿ ಒಂದೇ, ಪರೀಕ್ಷೆಯ ಚೌಕ. ನನ್ನನ್ನು ಕೇಳಿದರೆ ಇಡೀ ಕೆಲಸದಲ್ಲಿ ಇದಕ್ಕಿಂತ ಮುಖ್ಯವಾದದ್ದು ಬೇರೆ ಇಲ್ಲ.

ಬಾನೆಟ್ ಮೇಲೆ ಮಟ್ಟಸವಾದ ಒಂದು ಜಾಗ ಆರಿಸಿ, 40 ಸೆಂಟಿಮೀಟರ್ ಉದ್ದ, ಅಷ್ಟೇ ಅಗಲ. ಸುತ್ತ ಟೇಪ್ ಅಂಟಿಸಿ. ನಿಮ್ಮ ಹತ್ತಿರ ಇರುವುದರಲ್ಲಿ ಅತಿ ಮೃದುವಾದ ಜೋಡಿಯಿಂದ ಶುರು ಮಾಡಿ. ಅಂದರೆ ಮೆತ್ತನೆಯ ಫಿನಿಶಿಂಗ್ ಫೋಮ್ ಪ್ಯಾಡ್, ನಯವಾದ ಪಾಲಿಶ್. ಪ್ಯಾಡಿನ ಬಣ್ಣ ನೋಡಿ ನಂಬಬೇಡಿ, ಒಂದು ಕಂಪನಿಯ ಕಿತ್ತಳೆ ಇನ್ನೊಂದು ಕಂಪನಿಯ ಬಿಳಿಗೆ ಸಮ ಇರಬಹುದು. ಲೇಬಲ್ ಓದಿ. ಚೌಕ ಮುಗಿಸಿ, ಒರೆಸಿ, ಟಾರ್ಚ್ ಹಿಡಿದು ನೋಡಿ. ಗೀರು ಸಾಕಷ್ಟು ಹೋಗಿದ್ದರೆ ಅದೇ ನಿಮ್ಮ ಜೋಡಿ, ಇಡೀ ಕಾರಿಗೆ ಅದೇ. ಹೋಗಿಲ್ಲ ಅಂದರೆ ಪಾಲಿಶ್ ಅದೇ ಇರಲಿ, ಪ್ಯಾಡ್ ಮಾತ್ರ ಒಂದು ಹಂತ ಗಟ್ಟಿಯದು ಹಾಕಿ. ಅದಕ್ಕೂ ಬಗ್ಗದಿದ್ದರೆ ಪಾಲಿಶ್ ಬದಲಾಯಿಸಿ. ಗಟ್ಟಿಯಾದ ಕಟಿಂಗ್ ಪ್ಯಾಡ್ ಮತ್ತು ಕಾಂಪೌಂಡ್, ಅಂದರೆ ಜೋರಾಗಿ ಸವೆಸುವ ಒರಟು ಪಾಲಿಶ್, ಕೊನೆಯ ಸರದಿ. ಎಷ್ಟೋ ಜನ ಮೊದಲ ದಿನವೇ ಕಾಂಪೌಂಡಿಗೆ ಕೈ ಹಾಕುತ್ತಾರೆ, ಗೀರು ಹೋಗುವುದೂ ನಿಜ, ಆದರೆ ಹಗುರದ ಜೋಡಿಯಲ್ಲೇ ಆಗುತ್ತಿದ್ದ ಕೆಲಸಕ್ಕೆ ಎಷ್ಟೋ ಪಟ್ಟು ಕ್ಲಿಯರ್ ಕೋಟ್ ಕೊಟ್ಟುಬಿಟ್ಟಿರುತ್ತಾರೆ. ಕಣ್ಣಿಗೆ ಕಾಣುವುದಿಲ್ಲವಲ್ಲ, ಅದಕ್ಕೇ ಯಾರಿಗೂ ಬೇಸರವಾಗುವುದಿಲ್ಲ.

ಈಗ ಕೈ ಓಡಿಸುವ ರೀತಿ. ಕಾರು ನೆರಳಿನಲ್ಲಿರಲಿ, ತಗಡು ಕೈಗೆ ತಣ್ಣಗಿರಲಿ. ಹೊಸ ಪ್ಯಾಡ್ ಆದರೆ ಮೊದಲು ಅದರ ಮುಖಕ್ಕೆಲ್ಲ ಪಾಲಿಶನ್ನು ಬೆರಳಿನಿಂದ ತೆಳ್ಳಗೆ ಸವರಿ, ಒಣ ಫೋಮ್ ಬಣ್ಣಕ್ಕೆ ತಾಗಬಾರದು. ಆಮೇಲೆ ಪ್ರತಿ ಚೌಕಕ್ಕೆ ಕಾಳಿನ ಗಾತ್ರದ ಮೂರು ನಾಲ್ಕು ಹನಿ ಸಾಕು. ಜಾಸ್ತಿ ಹಾಕಿದರೆ ಜಾಸ್ತಿ ಕೆಲಸ ಆಗುವುದಿಲ್ಲ, ಪ್ಯಾಡ್ ಜಾರುತ್ತದೆ, ಸುತ್ತಮುತ್ತ ಸಿಡಿಯುತ್ತದೆ. ಮಷೀನ್ ಆಫ್ ಇರುವಾಗಲೇ ಪ್ಯಾಡನ್ನು ಬಣ್ಣದ ಮೇಲಿಟ್ಟು ಅಲ್ಲಲ್ಲಿ ಒತ್ತಿ ಹನಿಗಳನ್ನು ಹರಡಿ. ಆರು ನಂಬರಿನ ಡಯಲ್ ಇದ್ದರೆ 1ರಲ್ಲಿ ಚೌಕದ ಉದ್ದಗಲಕ್ಕೆ ಬಳಿದು, ಆಮೇಲೆ 4 ಅಥವಾ 5ಕ್ಕೆ ಏರಿಸಿ.

ಕೈ ನಿಧಾನ. ನೀವು ಅಂದುಕೊಂಡದ್ದಕ್ಕಿಂತ ನಿಧಾನ. ಸೆಕೆಂಡಿಗೆ ಎರಡು ಮೂರು ಸೆಂಟಿಮೀಟರ್. ನೆಲ ಒರೆಸುವ ಹಾಗೆ ಬರಬರ ಎಳೆದರೆ ಪಾಲಿಶ್‌ನೊಳಗಿನ ಸಣ್ಣ ಕಣಗಳಿಗೆ ಕೆಲಸ ಮಾಡಲು ಸಮಯವೇ ಸಿಗುವುದಿಲ್ಲ. ಎಡದಿಂದ ಬಲಕ್ಕೆ ಒಂದು ಸಾಲು, ಮುಂದಿನ ಸಾಲು ಅದರ ಅರ್ಧದ ಮೇಲೆ ಬರಲಿ. ಚೌಕ ತುಂಬಿದ ಮೇಲೆ ಮೇಲಿನಿಂದ ಕೆಳಕ್ಕೆ ಹಾಗೇ. ಹೀಗೆ ನಾಲ್ಕರಿಂದ ಆರು ಸುತ್ತು. ಒತ್ತಡ ಎಷ್ಟು ಅಂದರೆ ಮಷೀನಿನ ತೂಕ, ಅದರ ಮೇಲೆ ಕೈಯ ಸ್ವಲ್ಪ ಭಾರ. ಇದನ್ನು ಅಳೆಯಲು ಸುಲಭದ ಉಪಾಯ ಇದೆ. ಪ್ಯಾಡ್ ಕೂರುವ ತಟ್ಟೆಯ ಅಂಚಿನ ಮೇಲೆ ಮಾರ್ಕರ್‌ನಿಂದ ಒಂದು ದಪ್ಪ ಗೆರೆ ಎಳೆಯಿರಿ. ಆ ಗೆರೆ ತಿರುಗುವುದು ಕಾಣುತ್ತಿದ್ದರೆ ಸರಿ. ಗೆರೆ ನಿಂತು ನಡುಗಿದರೆ ನೀವು ಜಾಸ್ತಿ ಒತ್ತಿದ್ದೀರಿ ಅಥವಾ ಪ್ಯಾಡ್ ಓರೆಯಾಗಿದೆ. ಬಾಗಿದ ಜಾಗದಲ್ಲಿ ಇದು ಪದೇ ಪದೇ ಆಗುತ್ತದೆ, ಅಗಲ ವೃತ್ತದ ಮಷೀನುಗಳಲ್ಲಿ ಇನ್ನೂ ಜಾಸ್ತಿ.

ಎತ್ತುವ ಮೊದಲು ಮಷೀನ್ ನಿಲ್ಲಿಸಿ, ಇಲ್ಲದಿದ್ದರೆ ಪಾಲಿಶ್ ಗೋಡೆಗೆಲ್ಲ ಹಾರುತ್ತದೆ. ಒಣಗಲು ಬಿಡದೆ ಶುದ್ಧ ಮೈಕ್ರೋಫೈಬರ್ ಬಟ್ಟೆಯಿಂದ ಒರೆಸಿ. ಬಟ್ಟೆಯ ಅಂಚಿನ ಲೇಬಲ್ ಮೊದಲೇ ಕತ್ತರಿಸಿಡಿ, ಅದು ಮೆತ್ತನೆಯ ಬಣ್ಣವನ್ನು ಗೀರುತ್ತದೆ. ಆಮೇಲೆ ಪ್ಯಾಡನ್ನು ಬ್ರಶ್‌ನಿಂದ ಉಜ್ಜಿ ಸ್ವಚ್ಛ ಮಾಡಿ, ಪ್ರತಿ ಚೌಕಕ್ಕೂ. ಸವೆದ ಕ್ಲಿಯರ್ ಕೋಟ್ ಮತ್ತು ಹಳೆಯ ಪಾಲಿಶ್ ಪ್ಯಾಡಿನಲ್ಲಿ ತುಂಬಿಕೊಂಡರೆ ಅದು ಸರಿಯಾಗಿ ಕೆಲಸ ಮಾಡುವುದಿಲ್ಲ, ಬಿಸಿಯೂ ಆಗುತ್ತದೆ. ಒಂದು ಕಾರಿಗೆ ಒಂದೇ ಪ್ಯಾಡ್ ಸಾಲದು, ಒಂದೇ ಥರದವು ನಾಲ್ಕೈದು ಇರಲಿ.

ಕೈಯ ಉಂಗುರ, ವಾಚು, ಬೆಲ್ಟಿನ ಬಕಲ್ ತೆಗೆದಿಡಿ. ಮಷೀನಿನ ವೈರು ಹೆಗಲ ಮೇಲಿಂದ ಹಿಂದಕ್ಕೆ ಹೋಗಲಿ, ಬಣ್ಣದ ಮೇಲೆ ಎಳೆದಾಡಬಾರದು. ಕಣ್ಣಿಗೆ ಕನ್ನಡಕ, ಮೂಗಿಗೆ ಮಾಸ್ಕ್. ಮೊದಲ ಸಲ ಇಡೀ ಕಾರಿಗೆ ಒಂದು ಪೂರ್ತಿ ದಿನ ಬೇಕು, ಎರಡು ದಿನ ಆದರೂ ಅವಸರ ಬೇಡ. ಸುಸ್ತಾದ ಕೈ ಓರೆಯಾಗುತ್ತದೆ.

ಪ್ರಶ್ನೆ: ಕಳೆದ ತಿಂಗಳು ನಾನೇ ಪಾಲಿಶ್ ಮಾಡಿದೆ. ಕನ್ನಡಿಯಂತೆ ಹೊಳೆಯಿತು, ಮನೆಯವರೆಲ್ಲ ಮೆಚ್ಚಿದರು. ಮೂರು ಸಲ ತೊಳೆದ ಮೇಲೆ ಹಳೆಯ ಗೀರುಗಳೆಲ್ಲ ವಾಪಸ್ ಬಂದಿವೆ! ಎಲ್ಲಿ ತಪ್ಪಿದೆ?

ಉತ್ತರ: ಗೀರು ವಾಪಸ್ ಬಂದಿಲ್ಲ. ಅವು ಹೋಗಿರಲೇ ಇಲ್ಲ. ಕೆಲವು ಪಾಲಿಶ್‌ಗಳಲ್ಲಿ ಎಣ್ಣೆ, ವ್ಯಾಕ್ಸ್‌ನಂಥ ತುಂಬುವ ಅಂಶ ಇರುತ್ತದೆ, ಅದು ಗೀರಿನೊಳಗೆ ಕೂತು ಸಮಮಟ್ಟ ಮಾಡಿ ಮರೆಮಾಚುತ್ತದೆ. ನಾಲ್ಕು ಸಲ ಶಾಂಪೂ ಬಿದ್ದರೆ ಅದು ತೊಳೆದುಹೋಗುತ್ತದೆ. ನಿಮಗೆ ಎಷ್ಟು ಬೇಸರ ಆಗಿರಬೇಕು ಅಂತ ನನಗೆ ಗೊತ್ತು, ಇಡೀ ದಿನದ ದುಡಿಮೆ ಅಲ್ವಾ.

ಮುಂದಿನ ಸಲ ಪರೀಕ್ಷೆಯ ಚೌಕ ಮುಗಿದ ಕೂಡಲೇ ಐಸೋಪ್ರೊಪೈಲ್ ಆಲ್ಕೋಹಾಲ್ ಒಂದು ಪಾಲಿಗೆ ಮೂರು ನಾಲ್ಕು ಪಾಲು ನೀರು ಬೆರೆಸಿ, ಹಗುರವಾಗಿ ಸಿಂಪಡಿಸಿ, ಮೆತ್ತನೆಯ ಬಟ್ಟೆಯಲ್ಲಿ ಒರೆಸಿ. ಅಥವಾ ಇದಕ್ಕೆಂದೇ ಬರುವ ಪ್ಯಾನಲ್ ವೈಪ್ ಬಳಸಿ. ಎಣ್ಣೆಯ ಅಂಶ ಹೋಗಿ ಬಣ್ಣದ ನಿಜವಾದ ಸ್ಥಿತಿ ಕಾಣುತ್ತದೆ. ಆಮೇಲೆ ನೋಡುವುದೂ ಸರಿಯಾದ ಬೆಳಕಿನಲ್ಲಿ ಆಗಬೇಕು. ಟ್ಯೂಬ್‌ಲೈಟ್ ಕೆಳಗೆ ಎಲ್ಲ ಕಾರೂ ಚಂದ, ಹರಡಿದ ಬೆಳಕು ಗೀರನ್ನು ಅಡಗಿಸುತ್ತದೆ. ಬಿಸಿಲು ಅಥವಾ ಒಂದೇ ಬಿಂದುವಿನಿಂದ ಬರುವ ಎಲ್‌ಇಡಿ ಟಾರ್ಚ್ ಬೇಕು.

ಕೆಲವು ಗೀರು ನಿಜಕ್ಕೂ ಹೊಸವೇ ಇರಬಹುದು. ತೊಳೆಯುವುದು ಹೇಗೆ ಅಂತ ನೀವು ಬರೆದಿಲ್ಲ. ಧೂಳು ಕೂತ ಕಾರನ್ನು ಒಣಬಟ್ಟೆಯಲ್ಲಿ ಒರೆಸುವ ಅಭ್ಯಾಸ ಇದ್ದರೆ ಇವತ್ತೇ ಬಿಡಿ. ಈ ಜೇಡರ ಬಲೆಯ ಬಹುಪಾಲು ಹುಟ್ಟುವುದೇ ಅಲ್ಲಿ. ಮೊದಲು ನೀರು ಹೊಡೆದು ಧೂಳು ಇಳಿಸಿ, ಆಮೇಲೆ ಎರಡು ಬಕೆಟ್. ಒಂದರಲ್ಲಿ ಶಾಂಪೂ ನೀರು, ಇನ್ನೊಂದರಲ್ಲಿ ಬರೀ ನೀರು, ಕೈಚೀಲದಂಥ ಮೈಕ್ರೋಫೈಬರ್ ಮಿಟ್ ಪ್ರತಿ ಸಲ ಬರೀ ನೀರಿನಲ್ಲಿ ಜಾಲಿಸಿಯೇ ಶಾಂಪೂವಿಗೆ ಅದ್ದಬೇಕು. ಮೇಲಿನಿಂದ ಕೆಳಕ್ಕೆ. ಒಣಗಿಸಲು ದೊಡ್ಡ ಮೆತ್ತನೆಯ ಟವೆಲ್ ಹಾಸಿ ನೀರು ಹೀರಲು ಬಿಡಿ, ತಿಕ್ಕಬೇಡಿ. ಇದು ಸರಿಯಾಗದೆ ಪಾಲಿಶ್ ಮಾಡಿದರೆ ಆರು ತಿಂಗಳಿಗೆ ಮತ್ತೆ ಅದೇ ಗೀರು, ಮತ್ತೆ ಅದೇ ಪಾಲಿಶ್, ಪ್ರತಿ ಸಲ ಒಂದಿಷ್ಟು ಮೈಕ್ರಾನ್ ಹೋಗುತ್ತಲೇ ಇರುತ್ತದೆ.

ಪ್ರಶ್ನೆ: ಗೀರು ಹೋಯಿತು, ಆದರೆ ಕಪ್ಪು ಬಣ್ಣದ ಮೇಲೆ ಮಂಜು ಕವಿದಂತೆ ಒಂದು ಮಸುಕು ಉಳಿದಿದೆ. ಒರೆಸಿದರೆ ಹೋಗುತ್ತಿಲ್ಲ.

ಉತ್ತರ: ಅದು ಒರೆಸಿ ಹೋಗುವ ಮಸುಕಲ್ಲ. ಕಾಂಪೌಂಡ್ ಮತ್ತು ಗಟ್ಟಿ ಪ್ಯಾಡ್ ದೊಡ್ಡ ಗೀರುಗಳನ್ನು ತೆಗೆದು, ಅವುಗಳ ಜಾಗದಲ್ಲಿ ತನ್ನದೇ ಅತಿ ಸಣ್ಣ ಗೀರುಗಳನ್ನು ಬಿಟ್ಟಿದೆ. ಒಂದೊಂದೂ ಕಣ್ಣಿಗೆ ಕಾಣದಷ್ಟು ಸಣ್ಣವು, ಎಲ್ಲ ಸೇರಿ ಮಂಜಿನಂತೆ. ಮೆತ್ತನೆಯ ಕಪ್ಪು ಬಣ್ಣದಲ್ಲಿ ಇದು ತುಂಬಾ ಸಾಮಾನ್ಯ, ಬಿಳಿಯಲ್ಲಿ ಆಗಿದ್ದರೂ ಗೊತ್ತಾಗುವುದಿಲ್ಲ. ಮೃದು ಪ್ಯಾಡ್, ನಯವಾದ ಪಾಲಿಶ್ ಹಾಕಿ, ಒತ್ತಡ ಇನ್ನೂ ಕಡಿಮೆ ಮಾಡಿ ಎರಡನೇ ಹಂತ ಮಾಡಿ. ಹೊಳಪಿನ ಆಳ ಬರುವುದೇ ಈ ಹಂತದಲ್ಲಿ. ಕೊನೆಯ ಸುತ್ತಿನಲ್ಲಿ ಬರೀ ಮಷೀನಿನ ತೂಕ ಸಾಕು. ಹಾಗೆ ಮಾಡಿಯೂ ಮಸುಕು ಉಳಿದರೆ ಪ್ಯಾಡ್ ಬದಲಿಸಿ ನೋಡಿ, ಕೊಳೆಯಾದ ಪ್ಯಾಡ್ ಎಷ್ಟೋ ಸಲ ಇದಕ್ಕೆ ಕಾರಣ. ಒರೆಸುವ ಬಟ್ಟೆಯನ್ನೂ ಅನುಮಾನಿಸಿ.

ಪ್ರಶ್ನೆ: ನನ್ನ ಹಳೆಯ ಕೆಂಪು ಕಾರು ಪಾಲಿಶ್ ಮಾಡುವಾಗ ಪ್ಯಾಡ್ ಕೆಂಪಾಯಿತು. ಗಾಬರಿಯಿಂದ ನಿಲ್ಲಿಸಿಬಿಟ್ಟೆ.

ಉತ್ತರ: ನಿಲ್ಲಿಸಿದ್ದು ಒಳ್ಳೆಯದೇ. ಇದರಲ್ಲಿ ಎರಡು ಸಾಧ್ಯತೆ ಇದೆ. ಹಳೆಯ ಕಾರುಗಳಲ್ಲಿ, ಮತ್ತೆ ಬಣ್ಣ ಹೊಡೆಸಿದ ಕೆಲವದರಲ್ಲಿ, ಕ್ಲಿಯರ್ ಕೋಟ್ ಇರುವುದೇ ಇಲ್ಲ. ಬಣ್ಣವೇ ಮೇಲಿನ ಪದರ. ಅಲ್ಲಿ ಪ್ಯಾಡಿಗೆ ಬಣ್ಣ ಬರುವುದು ಸಹಜ, ಮುಂದುವರಿಸಬಹುದು. ಕ್ಲಿಯರ್ ಕೋಟ್ ಇರುವ ಕಾರಿನಲ್ಲಿ ಮಾತ್ರ ಪ್ಯಾಡಿಗೆ ಬಣ್ಣ ಬರಬಾರದು, ಬಂದರೆ ಆ ಪದರ ತೂತಾಗಿದೆ ಅಂತಲೇ. ಯಾವುದು ಅಂತ ತಿಳಿಯಲು ಕಾರಿನ ಹೊರಮೈಯಲ್ಲೇ ಸುಲಭವಾಗಿ ಕಣ್ಣಿಗೆ ಬೀಳದ ಜಾಗದಲ್ಲಿ, ಬಿಳಿ ಬಟ್ಟೆಗೆ ಒಂದು ಹನಿ ಪಾಲಿಶ್ ಹಾಕಿ ಕೈಯಲ್ಲೇ ಉಜ್ಜಿ ನೋಡಿ. ಬಟ್ಟೆ ಕೆಂಪಾದರೆ ನಿಮ್ಮದು ಒಂದೇ ಪದರದ ಬಣ್ಣ. ಆದರೆ ಬಾನೆಟ್ಟಿಗೋ ಬಾಗಿಲಿಗೋ ಯಾವಾಗಲಾದರೂ ಬೇರೆ ಬಣ್ಣ ಹೊಡೆಸಿದ್ದರೆ ಆ ಭಾಗವನ್ನು ಬೇರೆಯಾಗೇ ಪರೀಕ್ಷಿಸಿ.

ಪ್ರಶ್ನೆ: ಬಾಗಿಲಿನ ಅಂಚು, ಬಾನೆಟ್ ಮೇಲಿನ ಉಬ್ಬು ಗೆರೆ, ಬಂಪರ್ ಇವೆಲ್ಲ ಅಪಾಯ ಅಂತಾರೆ. ಹಾಗಾದರೆ ಅವನ್ನು ಬಿಟ್ಟುಬಿಡುವುದಾ? ಬಣ್ಣದ ದಪ್ಪ ಅಳೆಯುವ ಮೀಟರ್ ಕೊಳ್ಳಬೇಕಾ?

ಉತ್ತರ: ಅಂಚಿನಲ್ಲಿ ಬಣ್ಣ ತೆಳ್ಳಗೆ ಇರುತ್ತದೆ, ಮಷೀನಿನ ಒತ್ತಡವೆಲ್ಲ ಆ ಒಂದು ಗೆರೆಯ ಮೇಲೆ ಬೀಳುತ್ತದೆ. ಎರಡೂ ಸೇರಿದರೆ ಕೆಲವೇ ಸೆಕೆಂಡು ಸಾಕು. ವರ್ಷಗಳ ಹಿಂದೆ ನಾನು ರೋಟರಿ ಹಿಡಿದು ಗೆಳೆಯನ ಕಾರಿನ ಬಾಗಿಲ ಉಬ್ಬು ಗೆರೆಯ ಮೇಲೆ ಪ್ಯಾಡನ್ನು ಸ್ವಲ್ಪ ಹೊತ್ತು ಹೆಚ್ಚು ನಿಲ್ಲಿಸಿದೆ. ಉಗುರಿನಷ್ಟು ಜಾಗದಲ್ಲಿ ಪ್ರೈಮರ್ ಕಂಡಿತು. ಅಷ್ಟು ಸಣ್ಣ ಜಾಗಕ್ಕಾಗಿ ಇಡೀ ಬಾಗಿಲಿಗೆ ಬಣ್ಣ ಹೊಡೆಸಬೇಕಾಯಿತು. ಗೆಳೆಯ ಒಂದು ಮಾತೂ ಆಡಲಿಲ್ಲ, ಅದೇ ನನಗೆ ಜಾಸ್ತಿ ನೋವಾದದ್ದು. ಅವತ್ತಿನಿಂದ ಉಬ್ಬು ಗೆರೆಗಳಿಗೆ ತೆಳ್ಳನೆಯ ಟೇಪ್ ಅಂಟಿಸದೆ ನಾನು ಮಷೀನ್ ಎತ್ತುವುದಿಲ್ಲ. ಎರಡೂ ಬದಿ ಮುಗಿದ ಮೇಲೆ ಟೇಪ್ ತೆಗೆದು, ಗೆರೆಯ ಮೇಲೆ ಕೈಯಲ್ಲೇ ಎರಡು ಸಲ ಸವರಿದರೆ ಸಾಕು.

ಬಂಪರ್ ಪ್ಲಾಸ್ಟಿಕ್. ತಗಡಿನ ಹಾಗೆ ಶಾಖವನ್ನು ಬೇಗ ಹರಡುವುದಿಲ್ಲ, ಹಾಗಾಗಿ ಬಣ್ಣ ಬೇಗ ಬಿಸಿಯಾಗುತ್ತದೆ. ಸ್ಪೀಡ್ ಒಂದು ನಂಬರ್ ಇಳಿಸಿ, ಸುತ್ತು ಕಡಿಮೆ ಮಾಡಿ, ನಡುನಡುವೆ ಕೈಯ ಹಿಂಬದಿಯಿಂದ ಮುಟ್ಟಿ ನೋಡಿ. ಮುಟ್ಟಿದ ಕೈಯನ್ನು ಇಟ್ಟುಕೊಂಡಿರಲು ಆಗದಷ್ಟು ಬಿಸಿ ಆದರೆ ಬೇರೆ ಕಡೆ ಹೋಗಿ, ಆಮೇಲೆ ಬನ್ನಿ.

ಮೀಟರ್ ಇದ್ದರೆ ಒಳ್ಳೆಯದು, ವಿಶೇಷವಾಗಿ ನೀವು ಬೇರೆಯವರಿಂದ ಕೊಂಡ ಹಳೆಯ ಕಾರಾದರೆ. ಆದರೆ ಸಾಮಾನ್ಯ ಮೀಟರ್ ಹೇಳುವುದು ಎಲ್ಲ ಪದರಗಳ ಒಟ್ಟು ದಪ್ಪ, ಕ್ಲಿಯರ್ ಕೋಟ್ ಎಷ್ಟು ಉಳಿದಿದೆ ಅಂತ ಅಲ್ಲ. ಪ್ಲಾಸ್ಟಿಕ್ ಮೇಲೆ ಅದು ಅಳೆಯುವುದೂ ಇಲ್ಲ. ಎಲ್ಲ ಕಡೆ 120 ತೋರಿಸಿ ಒಂದು ಬಾಗಿಲಲ್ಲಿ ಮಾತ್ರ 250 ಬಂದರೆ ಅದಕ್ಕೆ ಮತ್ತೆ ಬಣ್ಣ ಹೊಡೆದಿದ್ದಾರೆ. ಸಾವಿರ ದಾಟಿದರೆ ಕೆಳಗೆ ಪುಟ್ಟಿ ಇದೆ. ಎಲ್ಲಾದರೂ 80ರ ಆಸುಪಾಸಿಗೆ ಇಳಿದಿದ್ದರೆ ಅಲ್ಲಿ ಹಿಂದೆ ಯಾರೋ ಜೋರಾಗಿ ಉಜ್ಜಿರುವ ಸಾಧ್ಯತೆ ಇದೆ, ಅಲ್ಲಿ ಅತಿ ಹಗುರದ ಪಾಲಿಶ್ ಬಿಟ್ಟು ಬೇರೇನೂ ಬೇಡ.

ಪ್ರಶ್ನೆ: ಡ್ರಿಲ್ ಮಷೀನಿಗೆ ಪ್ಯಾಡ್ ಸಿಕ್ಕಿಸಿ ಮಾಡಬಹುದಾ? ಮ್ಯಾಟ್ ಬಣ್ಣಕ್ಕೆ ಪಾಲಿಶ್ ಮಾಡಬಹುದಾ? ಪಾಲಿಶ್ ಆದ ಮೇಲೆ ವ್ಯಾಕ್ಸ್ ಕಡ್ಡಾಯವಾ?

ಉತ್ತರ: ಡ್ರಿಲ್ ಬೇಡ. ಅದು ಒಂದೇ ಅಚ್ಚಿನಲ್ಲಿ ತಿರುಗುವ ಯಂತ್ರ, ಅಂದರೆ ರೋಟರಿಯ ಅಪಾಯವೆಲ್ಲ ಇದೆ, ಸಮತಟ್ಟಾಗಿ ಹಿಡಿಯುವ ಅನುಕೂಲ ಮಾತ್ರ ಇಲ್ಲ. ಮ್ಯಾಟ್ ಬಣ್ಣಕ್ಕೆ ಯಾವತ್ತೂ ಬೇಡ, ಉಜ್ಜಿದ ಕಡೆ ಹೊಳಪು ಬಂದು ತೇಪೆ ಹಾಕಿದಂತಾಗುತ್ತದೆ, ಅದನ್ನು ಹಿಂದಕ್ಕೆ ತರಲು ಆಗುವುದಿಲ್ಲ. ಪಾಲಿಶ್ ಆದ ಮೇಲೆ ವ್ಯಾಕ್ಸ್, ಸೀಲೆಂಟ್, ಸೆರಾಮಿಕ್ ಕೋಟಿಂಗ್ ಯಾವುದಾದರೂ ಒಂದು ಹಾಕಿ, ಹಳೆಯ ರಕ್ಷಣೆಯನ್ನೆಲ್ಲ ನೀವು ಉಜ್ಜಿ ತೆಗೆದಿದ್ದೀರಿ. ಸೆರಾಮಿಕ್ ಆದರೆ ಮೊದಲು ಆಲ್ಕೋಹಾಲ್ ನೀರಿನಿಂದ ಒರೆಸಲೇಬೇಕು, ಎಣ್ಣೆ ಉಳಿದರೆ ಅದು ಹಿಡಿಯುವುದಿಲ್ಲ. ಹೊಸದಾಗಿ ಬಣ್ಣ ಹೊಡೆಸಿದ ಭಾಗವಿದ್ದರೆ ಎಷ್ಟು ದಿನ ಕಾಯಬೇಕು ಅಂತ ಬಣ್ಣ ಹೊಡೆದವರನ್ನೇ ಕೇಳಿ.

ಪ್ರಶ್ನೆ: ಇಡೀ ಕಾರು ಚೆನ್ನಾಗಿ ಬಂದಿದೆ. ಡ್ರೈವರ್ ಬಾಗಿಲಿನ ಮೇಲೆ ಒಂದೇ ಒಂದು ಗೀರು ಉಳಿದಿದೆ, ಬೆರಳುದ್ದ. ಕಾಂಪೌಂಡ್ ಹಾಕಿ ನಾಲ್ಕು ಸಲ ಮಾಡಿದೆ, ಮಸುಕಾಗಿದೆ, ಹೋಗಿಲ್ಲ. ಐದನೇ ಸಲ ಮಾಡಿದರೆ ಹೋಗುತ್ತದೆ ಅನಿಸುತ್ತಿದೆ. ಮಾಡಲಾ?

ಉತ್ತರ: ಮಾಡಬೇಡಿ. ದಯವಿಟ್ಟು.

ಉಗುರನ್ನು ಆ ಗೀರಿನ ಮೇಲೆ ಅಡ್ಡವಾಗಿ ಮೆತ್ತಗೆ ಎಳೆದು ನೋಡಿ. ಉಗುರು ಸಿಕ್ಕಿಕೊಂಡರೆ ಅದು ಪಾಲಿಶ್‌ನಿಂದ ಹೋಗುವ ಗೀರಲ್ಲ. ಅದರ ತಳ ತಲುಪಬೇಕಾದರೆ ಸುತ್ತಲಿನ ಕ್ಲಿಯರ್ ಕೋಟನ್ನು ಅಷ್ಟೂ ಆಳಕ್ಕೆ ಇಳಿಸಬೇಕು, ಆಗ ಉಳಿಯುವುದು ಏನು? ನೀವು ಈಗಾಗಲೇ ನಾಲ್ಕು ಸಲ ತೆಗೆದಿದ್ದೀರಿ. ಗೀರಿನ ಅಂಚುಗಳು ದುಂಡಾಗಿವೆ, ಬೆಳಕು ಮೊದಲಿನಷ್ಟು ಅಲ್ಲಿ ಮಿಂಚುವುದಿಲ್ಲ, ಅದಕ್ಕೇ ಮಸುಕಾಗಿ ಕಾಣುತ್ತಿದೆ. ಅದೇ ನಿಮಗೆ ಸಿಕ್ಕ ಲಾಭ, ಅದು ಸಣ್ಣದೂ ಅಲ್ಲ.

ಗೀರಿನೊಳಗೆ ಬೇರೆ ಬಣ್ಣ, ಬೂದಿ ಅಥವಾ ಬಿಳಿ ಕಾಣುತ್ತಿದ್ದರೆ ನಿಮ್ಮ ಕಾರಿನ ಬಣ್ಣದ ನಂಬರಿಗೆ ಹೊಂದುವ ಟಚ್ ಅಪ್ ಪೆನ್ ತಂದು, ಸಣ್ಣ ಕುಂಚದ ತುದಿಯಿಂದ ಗೀರಿನೊಳಗೆ ಮಾತ್ರ ತುಂಬಿ. ತಗಡು ತಲುಪಿದ್ದರೆ ಇದನ್ನು ಮುಂದೂಡಬೇಡಿ, ತುಕ್ಕು ಶುರುವಾಗುತ್ತದೆ. ಬೇರೆ ಬಣ್ಣ ಕಾಣುತ್ತಿಲ್ಲ ಅಂದರೆ ವ್ಯಾಕ್ಸ್ ಹಾಕಿ ಬಾಗಿಲು ಮುಚ್ಚಿ. ಎರಡು ಹೆಜ್ಜೆ ಹಿಂದೆ ನಿಂತು ನೋಡಿ, ನಿಮಗೆ ಬಿಟ್ಟು ಇನ್ನೊಬ್ಬರಿಗೆ ಅದು ಕಾಣಿಸಲಿಕ್ಕಿಲ್ಲ.